ಹಳೆಯ ಯಂತ್ರಕ್ಕೆ ಹೊಸ ಬಣ್ಣ

ರಾಜಾಜಿನಗರದಲ್ಲಿ ಸಣ್ಣದೊಂದು ಟೂಲ್‌ರೂಮನ್ನು ತೆರೆಯಲಿಚ್ಛಿಸುವ ಕುಶಲಕರ್ಮಿಗೆ ಹೊಸ ಸಿಎನ್‌ಸಿ ಯಂತ್ರವು ಗಗನಕುಸುಮವೇ ಸರಿ. ಆದುದರಿಂದ ಆತನು ಮನೆಯವರ ಒಡವೆಗಳನ್ನು ಅಡವಿಟ್ಟು ಹಳೆಯ ಲೇತನ್ನೋ ಮಿಲ್ಲಿಂಗ್ ಯಂತ್ರವನ್ನೋ ಕೊಳ್ಳುತ್ತಾನೆ. ಇದರಲ್ಲಿ ಹೀನತೆಯೇನೂ ಇಲ್ಲ. ಆದರೆ ಸವೆದ ಯಂತ್ರಕ್ಕೆ ಬಣ್ಣ ಬಳಿದು, ಲೋಹವನ್ನು ಮುಟ್ಟಿಸದೆ ಬರಿದೇ ಓಡಿಸಿ ತೋರಿಸಿ ಮಾರುವ ಪದ್ಧತಿಯನ್ನು ನಾವು ಖಂಡಿಸದೆ ಇರಲಾರೆವು.

ಯಂತ್ರದ ಆಯುಸ್ಸಿರುವುದು ಸ್ಪಿಂಡಲಿನ ಬೇರಿಂಗುಗಳಲ್ಲಿ, ಬಾಲ್ ಸ್ಕ್ರೂಗಳಲ್ಲಿ. ಅಚ್ಚಿನ ಕೆಲಸದಲ್ಲಿ ಮಿಲ್ಲಿಮೀಟರಿನ ನೂರರಲ್ಲೊಂದು ಪಾಲು ತಪ್ಪಿದರೂ ಮಾಲು ತಿರಸ್ಕೃತವಾಗಬಹುದು. ಮಿಲ್ಲಿಂಗ್ ಯಂತ್ರದಲ್ಲಿ ಉಕ್ಕಿನ ತುಂಡಿನ ಮೇಲೆ ವೃತ್ತವೊಂದನ್ನು ಕೊರೆಯಿಸಿ ಅಳೆದರೆ ಸ್ಕ್ರೂವಿನ ಸಡಿಲವು ಬಯಲಾಗುತ್ತದೆ. ಬ್ಯಾಟರಿ ಮುಗಿದು ಕಂಟ್ರೋಲಿನ ಪ್ಯಾರಾಮೀಟರುಗಳು ಅಳಿಸಿಹೋದರೆ, ಅವುಗಳ ಪ್ರತಿಯಿಲ್ಲದವನ ಕೆಲಸವೇ ನಿಂತುಹೋಗುತ್ತದೆ.

ವಿದೇಶದಿಂದ ಬರುವ ಹಳೆಯ ಯಂತ್ರದ ಬೆಲೆಯನ್ನು ಗೊತ್ತುಮಾಡಲು ಸುಂಕದವರು ಇಂಜಿನಿಯರರ ಪ್ರಮಾಣಪತ್ರವನ್ನು ಕೇಳುತ್ತಾರೆ. ಬೊಕ್ಕಸಕ್ಕಿರುವ ಈ ರಕ್ಷಣೆ ಬಡ ಗಿರಾಕಿಗೇಕೆ ಬೇಡ?

1953ರಲ್ಲಿ ಎಚ್‌ಎಂಟಿಯನ್ನು ಪಡೆದ ಈ ನಗರದಲ್ಲಿ ಅಳೆಯಬಲ್ಲವರಿಗೆ ಕೊರತೆಯಿಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ರಾಜಾಜಿನಗರದಲ್ಲಿಯೇ ಇದೆ. ಕೇಂದ್ರದವರು ಅಲ್ಪ ಶುಲ್ಕಕ್ಕೆ ಹಳೆಯ ಯಂತ್ರಗಳನ್ನು ಪರೀಕ್ಷಿಸಿ, ಗುಣದೋಷಗಳನ್ನು ಕನ್ನಡದಲ್ಲಿ ಬರೆದುಕೊಡುವ ಏರ್ಪಾಡನ್ನು ಮಾಡಬೇಕೆಂದು ಸರ್ಕಾರವನ್ನು ಆಗ್ರಹಪಡಿಸುತ್ತೇವೆ. ಪ್ರಾಮಾಣಿಕ ವರ್ತಕನಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಅಲ್ಲಿಯವರೆಗೆ, ಲೋಹವನ್ನು ಕೊರೆಯಿಸಿ ನೋಡದೆ ಯಾರೂ ಮುಂಗಡ ಕೊಡದಿರಲಿ. ದೇಶದ ಕೈಗಾರಿಕೆಯು ನಿಂತಿರುವುದು ಇಂತಹ ಸಣ್ಣ ಶೆಡ್ಡುಗಳ ಮೇಲೆಯೇ.