ರಾಜ ಹೋದ, ರಾಜದ್ರೋಹ ಉಳಿಯಿತು

ಮಕ್ಕಳೇ, ದೊಡ್ಡಾಟ ನೋಡಿದ್ದೀರಾ? ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರನ್ನು ಹೀಗೆ ಕೇಳಲೇಬೇಕಾಗಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ರಾಜ ಕುಣಿಯುತ್ತ ರಂಗಕ್ಕೆ ಬರುತ್ತಾನೆ. ಸಾರಥಿ ಎದುರು ನಿಂತು, ‘ಯಾರಪ್ಪ ನೀನು, ಯಾವೂರು?’ ಎಂದು ಕೇಳಿಯೇಬಿಡುತ್ತಾನೆ. ರಾಜ ಬಿರುದು ಹೇಳಿಕೊಂಡಷ್ಟೂ ಸಾರಥಿಯ ಕೊಂಕು ಹೆಚ್ಚು, ಜನರ ನಗೆಯೂ ಹೆಚ್ಚು. ಆಟ ಮುಗಿದ ಮೇಲೆ ಸಾರಥಿಯನ್ನು ಯಾರೂ ಜೈಲಿಗೆ ಕರೆದೊಯ್ಯುವುದಿಲ್ಲ.

ನಿಜವಾದ ರಾಜರ ಮುಂದೆ ಹೀಗೆ ಮಾತಾಡುವುದು ಸುಲಭವಿರಲಿಲ್ಲ. ವಳಕಮದಿನ್ನಿಯಂಥ ಊರುಗಳಲ್ಲಿ ಈಗ ಎಂಬತ್ತು ದಾಟಿದ ಅಜ್ಜ ಅಜ್ಜಿಯರು ಹುಟ್ಟಿದಾಗ ರಾಯಚೂರು ಜಿಲ್ಲೆ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಆಳ್ವಿಕೆಯಲ್ಲಿತ್ತು. ಸಭೆ ಸೇರಬೇಕಾದರೂ ಅಪ್ಪಣೆ ಬೇಕು. ಆ ಸುತ್ತೋಲೆಗೆ ‘ಗಸ್ತಿ ನಿಶಾನ್ 53’ ಎಂದು ಹೆಸರು. 1938ರಲ್ಲಿ ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಹೊರಹಾಕಿದರು. ಹೈದರಾಬಾದು ಭಾರತಕ್ಕೆ ಸೇರಲಿ ಎಂದು ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ರಜಾಕಾರರು ಕೊಂದರು. ಮರುತಿಂಗಳೇ ನಿಜಾಮನ ಆಳ್ವಿಕೆ ಮುಗಿಯಿತು.

ಅತ್ತ ಬ್ರಿಟಿಷರ ಕೈಯಲ್ಲಿ 124ಎ ಎಂಬ ಕಲಮು ಇತ್ತು. 1870ರಲ್ಲಿ ಅದನ್ನು ದಂಡ ಸಂಹಿತೆಗೆ ಸೇರಿಸಿದ್ದರು. ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವ ಮಾತೇ ಅಪರಾಧ! ಅದರಡಿ 1908ರಲ್ಲಿ ತಿಲಕರಿಗೆ ಆರು ವರ್ಷ, 1922ರಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆಯಾಯಿತು. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲಾಗದು ಎಂದು ಗಾಂಧೀಜಿ ನ್ಯಾಯಾಧೀಶರ ಎದುರೇ ಹೇಳಿದರು. ನಾವು ಗಣರಾಜ್ಯವಾದೆವು, ರಾಜರೆಲ್ಲ ಹೋದರು. ಆ ಕಲಮು ಮಾತ್ರ ಉಳಿಯಿತು. ಕನ್ನಡದಲ್ಲಿ ನಾವು ಅದನ್ನು ‘ರಾಜದ್ರೋಹ’ ಎಂದೇ ಕರೆಯುತ್ತ ಬಂದೆವು. ಹಿಂಸೆಗೆ ಪ್ರಚೋದಿಸುವ ಮಾತಿಗಷ್ಟೇ ಅದು ಅನ್ವಯಿಸಬೇಕೆಂದು 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೊಲೀಸ್ ಠಾಣೆಗಳಲ್ಲಿ ಅದು ಎಷ್ಟು ನೆನಪಿತ್ತೋ!

ಹಿಂದೆ ನಿಜಾಮನ ಸೀಮೆಯೇ ಆಗಿದ್ದ ಬೀದರಿಗೆ ಬನ್ನಿ. 2020ರ ಜನವರಿ 21ರಂದು ಅಲ್ಲಿನ ಶಾಹೀನ್ ಶಾಲೆಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ನಾಲ್ಕು, ಐದು, ಆರನೇ ತರಗತಿಯವರು. ಪ್ರಧಾನಿಗೆ ಚಪ್ಪಲಿಯಿಂದ ಹೊಡೆಯುವ ಮಾತೂ ನಾಟಕದಲ್ಲಿತ್ತು ಎಂದು ದೂರು ಹೋಯಿತು. ರಾಜದ್ರೋಹದ ಕೇಸು ಬಿತ್ತು. ಮುಖ್ಯೋಪಾಧ್ಯಾಯಿನಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಅಮ್ಮನನ್ನು ಯಾಕೆ ಕರೆದೊಯ್ದರು ಎಂದು ಆ ಹುಡುಗಿಗೆ ಯಾರು, ಹೇಗೆ ತಿಳಿಸಿ ಹೇಳಿರಬೇಕು? ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧ ಹಿಡಿದವರು ಮಕ್ಕಳನ್ನು ವಿಚಾರಿಸಿದ್ದು ಮಕ್ಕಳ ಹಕ್ಕಿನ ಗಂಭೀರ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು.

2023ರ ಜೂನ್ 14ರಂದು ಕಲಬುರಗಿ ಪೀಠ ಶಾಲೆಯ ಆಡಳಿತ ಮಂಡಳಿಯವರ ಮೇಲಿನ ಕೇಸನ್ನು ರದ್ದುಮಾಡಿತು. ಆ ಚಪ್ಪಲಿಯ ಮಾತು ಅವಹೇಳನ, ಬೇಜವಾಬ್ದಾರಿಯದು, ಆದರೆ ರಾಜದ್ರೋಹವಲ್ಲ ಎಂದಿತು. ಈಗಲೂ ರಾಜನಿರುವ ಥಾಯ್ಲೆಂಡಿನಲ್ಲಿ ರಾಜನಿಂದನೆಯ ಒಂದೊಂದು ಮಾತಿಗೂ 3ರಿಂದ 15 ವರ್ಷ ಸೆರೆವಾಸವಿದೆ. ನಮ್ಮಲ್ಲಿ 124ಎ ಕಲಮನ್ನು ಸುಪ್ರೀಂ ಕೋರ್ಟ್ 2022ರಲ್ಲಿ ತಡೆಹಿಡಿಯಿತು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಆ ಹೆಸರಿಲ್ಲ. ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವ ಕೃತ್ಯಕ್ಕೆ ಜೀವಾವಧಿಯವರೆಗೂ ಶಿಕ್ಷೆ ಕೊಡುವ 152ನೇ ಕಲಮು ಇದೆ.

ಶಾಲೆಗಳು ಮಕ್ಕಳನ್ನು ಇಂಥ ರಾಜಕೀಯ ವಿಷಯಗಳಿಂದ ದೂರ ಇಡುವುದು ಒಳ್ಳೆಯದೆಂದೂ ಕಲಬುರಗಿ ಪೀಠ ಹೇಳಿದೆ. ಚಪ್ಪಲಿಯ ಮಾತು ನನಗೂ ಬೇಡ. ಆದರೆ ‘ಯಾರಪ್ಪ ನೀನು’ ಎಂದು ಕೇಳುವ ಸಾರಥಿಯ ಪಾತ್ರವನ್ನು ನಿಮ್ಮ ಶಾಲೆಯ ನಾಟಕದಿಂದ ತೆಗೆದುಹಾಕಿದರೆ ನಾನು ಒಪ್ಪುವುದಿಲ್ಲ. ನಿಮ್ಮ ಮನೆಯಲ್ಲಿ ಏನಂತಾರೆ?