ಬೇವಿನ ಕಡ್ಡಿ ಬಿಡಬೇಡಿ, ಅದೊಂದನ್ನೇ ನಂಬಿ ಕೂರಬೇಡಿ



ಬೇವಿನ ಬೀಜದ ಕಷಾಯದ ಗುಣ ನಿಮಗೆ ಹೊಸದಲ್ಲ. ಶೇಕಡ 5ರ ಕಷಾಯ ಸಿಂಪಡಿಸಿದ ಮರುದಿನವೇ ಗಿಡದ ಬುಡದಲ್ಲಿ ಸತ್ತ ಹುಳುಗಳ ರಾಶಿ ಬೀಳುವುದಿಲ್ಲ. ಹುಳು ಎಲೆ ತಿನ್ನುವುದನ್ನು ಬಿಡುತ್ತದೆ, ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದಲೇ ಹುಳು ಹೆಚ್ಚುವ ಮೊದಲೇ ಸಿಂಪಡಿಸಬೇಕೆಂದು ನಾವು ಹೇಳುವುದು. ಅದೇ ಮರದ ಕಡ್ಡಿ ಬಾಯಲ್ಲಿ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ ಬಗೆಯದು. ಇದನ್ನರಿಯದೆ ಕೆಲವರು ಬೇವಿನ ಕಡ್ಡಿ ಹಳೆಯ ಕಾಲದ್ದೆಂದು ಬಿಟ್ಟಿದ್ದಾರೆ. ಮತ್ತೆ ಕೆಲವರು ಅದೊಂದಿದ್ದರೆ ದಂತವೈದ್ಯರೇ ಬೇಡ ಎನ್ನುತ್ತಾರೆ. ಎರಡೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಹಲ್ಲು ಹುಳುಕಾಗುವುದು ಹುಳುವಿನಿಂದಲ್ಲ. ಹೊಗೆ ಹಾಕಿ ಹಲ್ಲಿನ ಹುಳ ತೆಗೆದು ತೋರಿಸುವವರಿಗೆ ಹಣ ಕೊಡಬೇಡಿ. ಹಲ್ಲನ್ನು ಕೆಡಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೋಕಾಕಸ್ ಮ್ಯುಟಾನ್ಸ್ ಎಂಬುದನ್ನು 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಗುರುತಿಸಿದರು. ನಾವು ತಿಂದ ಸಕ್ಕರೆಯಿಂದ ಇದು ಎರಡು ವಸ್ತುಗಳನ್ನು ತಯಾರಿಸುತ್ತದೆ. ಒಂದು, ಹಲ್ಲಿಗೆ ಅಂಟಿಕೊಳ್ಳಲು ಬೇಕಾದ ಗೋಂದು. ಇನ್ನೊಂದು, ಹಲ್ಲಿನ ಹೊರಕವಚವನ್ನು ಕರಗಿಸುವ ಆಮ್ಲ. ಗೋಂದಿನ ಮರೆಯಲ್ಲಿ ಬ್ಯಾಕ್ಟೀರಿಯಾ ಗುಂಪುಗೂಡಿ ನೆಲೆಸಿದಾಗ ಹಲ್ಲು ಪಾಚಿ ಕಟ್ಟುತ್ತದೆ. ಕೆರೆಯ ಮೆಟ್ಟಿಲ ಮೇಲಿನ ಪಾಚಿಯಂತೆ ಇದನ್ನೂ ಉಜ್ಜಿಯೇ ತೆಗೆಯಬೇಕು, ಬರಿಯ ನೀರು ಮುಕ್ಕಳಿಸಿದರೆ ಹೋಗದು. ಬೆಲ್ಲದಲ್ಲಿರುವುದೂ ಬಹುಪಾಲು ಇದೇ ಸಕ್ಕರೆ. ಬೆಲ್ಲದಿಂದ ಹಲ್ಲಿಗೆ ತೊಂದರೆಯಿಲ್ಲವೆಂದು ಕಬ್ಬು ಬೆಳೆಯುವವರು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಬೇವಿನ ಕಡ್ಡಿಯ ಸಾರವನ್ನು ಇಂಥ ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿದ ಪ್ರಯೋಗವೊಂದರ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಸಾರವು ಅವುಗಳ ಬೆಳವಣಿಗೆಯನ್ನು ನಿಲ್ಲಿಸಲಿಲ್ಲ. ಆದರೆ ಗೋಂದಿನ ಉತ್ಪತ್ತಿ ತಗ್ಗಿತು, ಅಂಟಿಕೊಳ್ಳುವ ಶಕ್ತಿಯೂ ಕುಂದಿತು. ಇದು ಪ್ರಯೋಗಶಾಲೆಯ ಮಾತು. ಬಾಯಲ್ಲಿ ಬೇವಿನ ರಸ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದ್ದರಿಂದ ಕಡ್ಡಿಯ ನಾರಿನಿಂದ ಚೆನ್ನಾಗಿ ಉಜ್ಜುವುದೇ ಮುಖ್ಯ, ರಸ ಅದಕ್ಕೆ ಒತ್ತಾಸೆ.

ಒಮ್ಮೆ ತೂತು ಬಿದ್ದ ಹಲ್ಲನ್ನು ಬೇವು ಸರಿಪಡಿಸಲಾರದು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನೋವನ್ನು ಮರೆಸುತ್ತದೆ, ಆದರೆ ತೂತನ್ನು ಮುಚ್ಚುವುದಿಲ್ಲ. ನೋವು ನಿಂತಿತೆಂದು ಸುಮ್ಮನಾದರೆ ಕೊಳೆತ ಹಲ್ಲಿನ ಬೇರಿಗಿಳಿಯುತ್ತದೆ. ತುಂಬಿಸಿ ಉಳಿಸಬಹುದಾಗಿದ್ದ ಹಲ್ಲನ್ನು ಕೊನೆಗೆ ಕೀಳಿಸಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕಿರುಬೆರಳಿಗಿಂತ ತೆಳುವಾದ ಹಸಿ ಕಡ್ಡಿಯ ತುದಿಯನ್ನು ಕುಂಚದಂತಾಗುವವರೆಗೆ ಜಗಿಯಿರಿ. ಒಸಡಿನಿಂದ ಹಲ್ಲಿನ ತುದಿಯತ್ತ ಮೆಲ್ಲನೆ ಉಜ್ಜಿ. ಒಳಮೈಯನ್ನೂ ದವಡೆ ಹಲ್ಲನ್ನೂ ಮರೆಯಬೇಡಿ. ಕೀಟನಾಶಕ ಸಿಂಪಡಿಸಿದ ಹೊಲದ ಬದುವಿನ ಮರದಿಂದ ಕಡ್ಡಿ ಮುರಿಯಬೇಡಿ. ಬೇವಿನ ಎಣ್ಣೆಯನ್ನು ಚಿಕ್ಕಮಕ್ಕಳ ಬಾಯಿಗೆ ಹಾಕಲೇಬಾರದು, ಅದು ಹೊಟ್ಟೆಗೆ ಹೋದರೆ ಅಪಾಯ. ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತದೆ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ, ಮನೆಯಲ್ಲಿ ಮಾಡಿಕೊಳ್ಳುವುದೂ ಬೇಡ. ಹಲ್ಲಿನ ಕವಚವನ್ನು ಗಟ್ಟಿಗೊಳಿಸುವ ಫ್ಲೋರೈಡ್ ಬೇವಿನ ಕಡ್ಡಿಯಿಂದ ಸಿಗದು. ಆದ್ದರಿಂದ ಬೆಳಿಗ್ಗೆ ಕಡ್ಡಿ ಹಿಡಿದವರೂ ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜುವುದು ಮೇಲು. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಮಕ್ಕಳ ವಿಷಯಕ್ಕೆ ವೈದ್ಯರನ್ನು ಕೇಳಿಕೊಳ್ಳಿ.

ಎಲೆಯ ಮೇಲೆ ಚುಕ್ಕೆ ಕಂಡರೆ ಕೂಡಲೇ ಬಂದು ನಮ್ಮನ್ನು ಕೇಳುತ್ತೀರಿ. ಮಗುವಿನ ಹಲ್ಲಿನ ಮೇಲೆ ಕಪ್ಪು ಚುಕ್ಕೆ ಕಂಡಾಗಲೂ ಅಷ್ಟೇ ಆತುರ ತೋರಿ, ನೋವು ಬರುವವರೆಗೆ ಕಾಯದೆ ದಂತವೈದ್ಯರಿಗೆ ತೋರಿಸಿ. ವಾಚನಾಲಯದಲ್ಲಿ ಇದನ್ನು ಓದಿದವರು ಮನೆಯವರಿಗೂ ತಿಳಿಸಿರಿ.