ಷೇಕ್ಸ್‌ಪಿಯರನ ಹಿಪ್ಪುನೇರಳೆ: ಚೂರು ಉಳಿಯಿತು, ಮರ ಹೋಯಿತು

ರೇಷ್ಮೆ ರೈತನಿಗೆ ಹಿಪ್ಪುನೇರಳೆಯೆಂದರೆ ಹುಳುವಿನ ಮೇವು. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಪಟ್ಟಣದಲ್ಲಿ ಅದೇ ಕುಲದ ಮರವೊಂದು ಕವಿಯ ಹೆಸರಿನಿಂದ ಪ್ರಸಿದ್ಧವಾಗಿ, ಆ ಪ್ರಸಿದ್ಧಿಯಿಂದಲೇ ಕೊಡಲಿಗೆ ಬಲಿಯಾಯಿತು. ಷೇಕ್ಸ್‌ಪಿಯರ್ ತನ್ನ 'ನ್ಯೂ ಪ್ಲೇಸ್' ಮನೆಯ ಹಿತ್ತಲಲ್ಲಿ ಸ್ವತಃ ಅದನ್ನು ನೆಟ್ಟನೆಂಬುದು ಊರಿನವರ ನಂಬಿಕೆ. ಮುಂದೆ ಆ ಮನೆಯ ಒಡೆಯನಾದ ಪಾದ್ರಿ ಫ್ರಾನ್ಸಿಸ್ ಗ್ಯಾಸ್ಟ್ರೆಲ್, ಮರ ನೋಡಬರುವವರ ಕಾಟಕ್ಕೆ ಬೇಸತ್ತು, 1750ರ ದಶಕದಲ್ಲಿ ಅದನ್ನು ಕಡಿಸಿದನಂತೆ. 1759ರಲ್ಲಿ ಮನೆಯನ್ನೂ ಕೆಡವಿಸಿದ!

ಕಡಿದ ಮರದ ಬಹುಪಾಲನ್ನು ಕೊಂಡವನು ಥಾಮಸ್ ಶಾರ್ಪ್ ಎಂಬ ಗಡಿಯಾರದ ಕುಶಲಕರ್ಮಿ. ನಶ್ಯದ ಡಬ್ಬಿ, ಚಹಾ ಪೆಟ್ಟಿಗೆ, ಬಟ್ಟಲುಗಳನ್ನು ಮಾಡಿ ದಶಕಗಳ ಕಾಲ ಮಾರಿದ. 1769ರಲ್ಲಿ ನಟ ಡೇವಿಡ್ ಗ್ಯಾರಿಕ್‌ಗೆ ಪಟ್ಟಣವು ಇದೇ ಮರದ್ದೆನ್ನಲಾದ ಕೆತ್ತನೆಯ ಪೆಟ್ಟಿಗೆಯನ್ನು ಅರ್ಪಿಸಿತು. ಅದೀಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮಾರಾಟ ನಿಲ್ಲದಿರಲು, ಒಂದು ಮರಕ್ಕೆ ಇಷ್ಟೊಂದು ದಿಮ್ಮಿಯೇ ಎಂದು ಜನ ಸಂಶಯಪಟ್ಟರು. 1799ರಲ್ಲಿ ಸಾವಿನ ಹೊಸ್ತಿಲಲ್ಲಿದ್ದ ಶಾರ್ಪ್, ತಾನು ಮಾರಿದ್ದೆಲ್ಲವೂ ಅಸಲಿಯೆಂದು ಪ್ರಮಾಣ ಮಾಡಬೇಕಾಯಿತು.

ಆ ಪ್ರಮಾಣವನ್ನು ಇಂದು ಪರೀಕ್ಷಿಸುವುದೂ ಕಷ್ಟ. ಸೂಕ್ಷ್ಮದರ್ಶಕದಲ್ಲಿ ನಾರು, ರಂಧ್ರಗಳನ್ನು ನೋಡಿ ಇದು ಹಿಪ್ಪುನೇರಳೆಯೆಂದು ಹೇಳಬಹುದು. ಯಾರ ಹಿತ್ತಲಿನದೆಂದು ಹೇಳಲಾಗದು. ವಾರ್ಷಿಕ ಉಂಗುರಗಳಿಂದ ಕಾಲ ತಿಳಿಯಲು ಉಂಗುರಗಳ ಉದ್ದನೆಯ ಸಾಲು ಬೇಕು. ನಶ್ಯದ ಡಬ್ಬಿಯ ಮುಚ್ಚಳದಲ್ಲಿ ಅದು ದೊರೆಯದು.

ಅಸಲಿ-ನಕಲಿಯ ಈ ಜಗಳಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಹಿಪ್ಪುನೇರಳೆ ಕಡ್ಡಿಯಿಂದಲೇ ಚಿಗುರುವ ಮರ. ಮೂರ್ನಾಲ್ಕು ಕಣ್ಣುಗಳುಳ್ಳ ಪೆನ್ಸಿಲ್ ಗಾತ್ರದ ಬಲಿತ ಕಡ್ಡಿ ಸಾಕು. ನ್ಯೂ ಪ್ಲೇಸ್ ತೋಟದಲ್ಲಿ ಈಗಿರುವ ಹಿಪ್ಪುನೇರಳೆಯನ್ನು ಆ ಮರದ ಸಂತತಿಯೆಂದೇ ತೋರಿಸುತ್ತಾರೆ. ಅದು ನಿಜವಾದರೆ, ಸತ್ತ ಕವಿಗೆ ನಿಜವಾದ ಸ್ಮರಣಿಕೆ ಉಳಿಸಿದವನು ಕಡ್ಡಿ ಊರಿದ ಯಾವನೋ ಅನಾಮಿಕ, ಶಾರ್ಪ್ ಅಲ್ಲ.

ಅದೇ ಇಂಗ್ಲೆಂಡಿನಲ್ಲಿ 2023ರ ಸೆಪ್ಟೆಂಬರ್ 28ರಂದು ಸಿಕಮೋರ್ ಗ್ಯಾಪ್‌ನ ಪ್ರಸಿದ್ಧ ಮರವನ್ನು ದುಷ್ಕರ್ಮಿಗಳು ಕಡಿದುರುಳಿಸಿದಾಗ, ನ್ಯಾಷನಲ್ ಟ್ರಸ್ಟ್ ಬೀಜ, ರೆಂಬೆಗಳನ್ನು ತುರ್ತಾಗಿ ಸಂಗ್ರಹಿಸಿ ಸಸಿ ಬೆಳೆಸಿತು. 49 ಸಸಿಗಳನ್ನು ನಾನಾ ಊರುಗಳಿಗೆ ಹಂಚಲು ನಿರ್ಧರಿಸಿತು. ನಮ್ಮಲ್ಲಿ ರಸ್ತೆ ಅಗಲೀಕರಣಕ್ಕೆ ಹಳೆಯ ಆಲ, ಅತ್ತಿಗಳು ಉರುಳಿದ ದಿನ ಜನ ಬರುವುದು ಹಲಗೆಗೋ ಸೌದೆಗೋ. ಇವೂ ಗೂಟದಿಂದ ಚಿಗುರುವ ಮರಗಳು. ಗುರುತು ಹಾಕಿದ ಮರ ಕಂಡ ಕೂಡಲೇ, ಗುತ್ತಿಗೆದಾರನ ಗರಗಸಕ್ಕಿಂತ ಮೊದಲೇ, ವಿದ್ಯಾರ್ಥಿಗಳು ಕತ್ತಿ ಮತ್ತು ಒದ್ದೆ ಗೋಣಿಯೊಡನೆ ಅಲ್ಲಿರಲಿ. ಕಡಿದ ರೆಂಬೆ ಬಿಸಿಲಿಗೆ ಬಿದ್ದರೆ ಬೇಗನೆ ಒಣಗುತ್ತದೆ.